ಕಾಲೇಜಿನ ಅಂಗಳ, ಕಸುಬಿನ ಬಾಗಿಲು



ಬಂಗಾರಪೇಟೆಯಿಂದ ಮಾರಿಕುಪ್ಪಂ ಕಡೆಗೆ ಹೋಗುವ ರೈಲಿನಲ್ಲಿ ಕುಳಿತರೆ ದಾರಿಯಲ್ಲಿ ‘ಚಾಂಪಿಯನ್’ ಎಂಬ ಪುಟ್ಟ ನಿಲ್ದಾಣ ಸಿಗುತ್ತದೆ. ಹೊಸಬರು ಇದು ಯಾವುದೋ ಆಟದಲ್ಲಿ ಗೆದ್ದವನ ನೆನಪಿಗೆ ಇಟ್ಟ ಹೆಸರಿರಬೇಕು ಎಂದುಕೊಳ್ಳುವುದುಂಟು. ಅಲ್ಲ. ಅದು ಗಣಿಯ ಹೆಸರು. ಚಾಂಪಿಯನ್ ರೀಫ್ಸ್ ಗಣಿ ನೆಲದಡಿಗೆ ಮೂರು ಕಿಲೋಮೀಟರಿಗೂ ಆಳ ಇಳಿದಿತ್ತು. ಪ್ರಪಂಚದ ಅತಿ ಆಳವಾದ ಗಣಿಗಳ ಸಾಲಿನಲ್ಲಿ ಅದರ ಹೆಸರಿತ್ತು. ಅಲ್ಲಿಂದ ಮೇಲಕ್ಕೆ ಬಂದ ಕಲ್ಲನ್ನು ಪುಡಿಮಾಡಿ, ಸೈನೈಡ್ ದ್ರಾವಣದಲ್ಲಿ ತೊಳೆದು ಚಿನ್ನ ತೆಗೆಯುತ್ತಿದ್ದರು. ಆರಂಭದ ದಿನಗಳಲ್ಲಿ ಒಂದು ಟನ್ ಅದಿರಿಗೆ ನಲವತ್ತು ಗ್ರಾಮಿಗೂ ಹೆಚ್ಚು ಚಿನ್ನ ಸಿಗುತ್ತಿತ್ತು. ಕೊನೆಯ ವರ್ಷಗಳಲ್ಲಿ ಅದು ಮೂರು ನಾಲ್ಕು ಗ್ರಾಮಿಗೆ ಇಳಿಯಿತು. ಉಳಿದದ್ದೆಲ್ಲ ಹೊರಗೆ ಸುರಿದ ಮಣ್ಣು. ಊರಿನ ಸುತ್ತ ಇಂದಿಗೂ ನಿಂತಿರುವ ಸೈನೈಡ್ ದಿಬ್ಬಗಳು ಆ ಮಣ್ಣಿನವೇ.

ಆಟದ ಕಥೆ ಹೇಳಲು ಬಂದವರು ಅದಿರಿನ ಲೆಕ್ಕ ಏಕೆ ಹೇಳುತ್ತಿದ್ದಾರೆ ಎಂದು ನೀವು ಕೇಳಬಹುದು. ಅಮೆರಿಕದ ಕಾಲೇಜುಗಳಲ್ಲಿ ಬ್ಯಾಸ್ಕೆಟ್‌ಬಾಲ್ ಆಡುವ ಹುಡುಗರ ಲೆಕ್ಕವೂ ಹೆಚ್ಚುಕಡಿಮೆ ಇದೇ ಬಗೆಯದು. ಅಲ್ಲಿನ ಮೊದಲ ದರ್ಜೆಯ ಪಂದ್ಯಗಳಲ್ಲಿ ಸುಮಾರು 360 ಕಾಲೇಜುಗಳ ಪುರುಷರ ತಂಡಗಳು ಆಡುತ್ತವೆ. ಒಂದೊಂದು ತಂಡದಲ್ಲಿ ಹನ್ನೆರಡು ಹದಿನೈದು ಮಂದಿ. ವೃತ್ತಿಪರ ಸಂಸ್ಥೆಯಾದ ಎನ್‌ಬಿಎ ವರ್ಷಕ್ಕೊಮ್ಮೆ ಹೊಸಬರನ್ನು ಆರಿಸಿಕೊಳ್ಳುವಾಗ ಕರೆಯುವುದು ಹೆಚ್ಚೆಂದರೆ 60 ಹೆಸರು. ಆ ಅರವತ್ತರಲ್ಲಿ ಯೂರೋಪಿನವರೂ ಬೇರೆ ದೇಶದವರೂ ಸೇರಿರುತ್ತಾರೆ. ಈ ಆಯ್ಕೆಗೆ ‘ಡ್ರಾಫ್ಟ್’ ಎಂದು ಹೆಸರು. ಬ್ಯಾಂಕಿನಲ್ಲಿ ತೆಗೆಸುವ ಡಿ.ಡಿ.ಗೂ ಇದಕ್ಕೂ ಸಂಬಂಧವಿಲ್ಲ. ತಂಡಗಳು ಸರದಿಯ ಪ್ರಕಾರ ಒಬ್ಬೊಬ್ಬ ಆಟಗಾರನ ಹೆಸರು ಕೂಗುತ್ತವೆ. ಹಿಂದಿನ ವರ್ಷ ಸೋತು ಸುಣ್ಣವಾದ ತಂಡಗಳಿಗೆ ಮೊದಲ ಸರದಿ ಸಿಗುವ ಅವಕಾಶ ಹೆಚ್ಚು. ಬಲವಿದ್ದವರೇ ಇನ್ನೂ ಬಲಿಯದಿರಲಿ ಎಂಬುದು ಇದರ ಹಿಂದಿನ ಯೋಚನೆ.

ಈ ಆಟಗಾರರನ್ನು ತಯಾರು ಮಾಡುವವರು ಯಾರು? ಖರ್ಚು ಹೊರುವವರು ಯಾರು? ಆರಿಸಿ ಉಳಿದವರ ಕೈಯಲ್ಲಿ ಏನು ಉಳಿಯುತ್ತದೆ? ಈ ಪ್ರಶ್ನೆಗಳನ್ನು ಹಿಡಿದು ಸ್ವಲ್ಪ ಹಿಂದಕ್ಕೆ ಹೋಗೋಣ.

ಬ್ಯಾಸ್ಕೆಟ್‌ಬಾಲ್ ಹುಟ್ಟಿದ್ದೇ ವಿದ್ಯಾಲಯದಲ್ಲಿ. 1891ರ ಡಿಸೆಂಬರಿನಲ್ಲಿ ಸ್ಪ್ರಿಂಗ್‌ಫೀಲ್ಡ್ ಊರಿನ ವೈಎಂಸಿಎ ತರಬೇತಿ ಶಾಲೆಯಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಅಧ್ಯಾಪಕರು, ಚಳಿಗಾಲದಲ್ಲಿ ಒಳಾಂಗಣದಲ್ಲಿ ಹುಡುಗರನ್ನು ಸುಮ್ಮನೆ ಕೂರಿಸಲಾಗದೆ, ಹಣ್ಣಿನ ಬುಟ್ಟಿಗಳನ್ನು ಎತ್ತರಕ್ಕೆ ಕಟ್ಟಿಸಿ ಈ ಆಟವನ್ನು ರೂಪಿಸಿದರು. ನಮ್ಮ ದೇಶಕ್ಕೂ ಇದು ವೈಎಂಸಿಎ ಮೂಲಕವೇ ಬಂತು. 1920ರಲ್ಲಿ ಮದರಾಸಿನಲ್ಲಿ ಹ್ಯಾರಿ ಬಕ್ ಅವರು ಆರಂಭಿಸಿದ ದೈಹಿಕ ಶಿಕ್ಷಣ ಶಾಲೆಯಲ್ಲಿ ಕಲಿತ ಶಿಕ್ಷಕರು ದಕ್ಷಿಣದ ಶಾಲೆಗಳಿಗೆ ಇಂಥ ಆಟಗಳನ್ನು ಹೊತ್ತು ತಂದರು. ಹೀಗೆ ಎರಡೂ ದೇಶಗಳಲ್ಲಿ ಆಟದ ಬೇರು ಶಾಲೆಯ ಅಂಗಳದಲ್ಲೇ ಇದೆ. ಮುಂದೆ ದಾರಿಗಳು ಬೇರೆಯಾದವು.

ಅಮೆರಿಕದಲ್ಲಿ ಕಾಲೇಜುಗಳ ರಾಷ್ಟ್ರೀಯ ಪಂದ್ಯಾವಳಿ 1939ರಲ್ಲಿ ಆರಂಭವಾಯಿತು. ವೃತ್ತಿಪರ ಸಂಸ್ಥೆ ಹುಟ್ಟಿದ್ದು 1946ರಲ್ಲಿ, ಮೊದಲ ಡ್ರಾಫ್ಟ್ 1947ರಲ್ಲಿ. ಈ ಇಸವಿಗಳನ್ನು ಗಮನಿಸಿ. ಕಾಲೇಜು ಮೊದಲು, ಕಸುಬು ಆಮೇಲೆ. ಹೊಸದಾಗಿ ಹುಟ್ಟಿದ ವೃತ್ತಿಪರ ತಂಡಗಳ ಬಳಿ ಹಣವೂ ಇರಲಿಲ್ಲ, ಜನಪ್ರಿಯತೆಯೂ ಇರಲಿಲ್ಲ. ಕಾಲೇಜುಗಳ ಹಿಂದೆ ಊರಿಗೆ ಊರೇ ಇತ್ತು. ಹಾಗಾಗಿ ಹತ್ತಿರದ ಕಾಲೇಜಿನ ಹೆಸರಾದ ಆಟಗಾರನನ್ನು ಆಯಾ ಊರಿನ ತಂಡವೇ ಸರದಿ ತಪ್ಪಿಸಿ ಪಡೆಯಬಹುದೆಂಬ ಒಂದು ನಿಯಮ 1965ರವರೆಗೂ ನಡೆಯಿತು. ಹುಡುಗನ ಜೊತೆ ಅವನ ಅಭಿಮಾನಿಗಳೂ ಟಿಕೆಟ್ ಕೊಂಡು ಬರಲಿ ಎಂಬ ವ್ಯಾಪಾರದ ಬುದ್ಧಿ ಅದರಲ್ಲಿತ್ತು. ಆಟಗಾರರನ್ನು ಬೆಳೆಸಲು ವೃತ್ತಿಪರ ತಂಡಗಳು ಒಂದು ಕಾಸೂ ಖರ್ಚು ಮಾಡಬೇಕಾಗಿರಲಿಲ್ಲ. ಬೆಳೆದ ಪೈರು ತಾನಾಗಿ ಕಣಕ್ಕೆ ಬರುತ್ತಿತ್ತು.

ಕಾಲೇಜಿನಲ್ಲಿ ನಡೆಯುತ್ತಿದ್ದ ತಯಾರಿ ಎಂಥದು ಎಂಬುದಕ್ಕೆ ಲಾಸ್ ಏಂಜಲೀಸ್‌ನ ಯುಸಿಎಲ್‌ಎ ವಿಶ್ವವಿದ್ಯಾಲಯದ ತರಬೇತುದಾರ ಜಾನ್ ವುಡನ್ ಅವರಿಗಿಂತ ಒಳ್ಳೆಯ ಉದಾಹರಣೆ ಸಿಗದು. 1964ರಿಂದ 1975ರವರೆಗಿನ ಹನ್ನೆರಡು ವರ್ಷಗಳಲ್ಲಿ ಅವರ ತಂಡ ಹತ್ತು ಸಲ ರಾಷ್ಟ್ರೀಯ ಪ್ರಶಸ್ತಿ ಗೆದ್ದಿತು. ದೇಶದ ಮೂಲೆಮೂಲೆಯಿಂದ ಬಂದ ಅತ್ಯುತ್ತಮ ಹುಡುಗರಿಗೆ ವುಡನ್ ಮೊದಲ ದಿನ ಕಲಿಸುತ್ತಿದ್ದದ್ದು ಏನು ಗೊತ್ತೇ? ಕಾಲುಚೀಲ ಹಾಕಿಕೊಳ್ಳುವುದು, ಬೂಟಿನ ದಾರ ಕಟ್ಟುವುದು! ಕಾಲುಚೀಲದಲ್ಲಿ ಒಂದು ಸುಕ್ಕಿದ್ದರೆ ಬೊಬ್ಬೆ ಏಳುತ್ತದೆ, ಬೊಬ್ಬೆ ಎದ್ದರೆ ಅಭ್ಯಾಸ ತಪ್ಪುತ್ತದೆ ಎಂಬುದು ಅವರ ವಾದ.

ಆ ಹುಡುಗರಲ್ಲೊಬ್ಬ ಲ್ಯೂ ಆಲ್ಸಿಂಡರ್. ಏಳು ಅಡಿಗೂ ಮಿಕ್ಕ ಎತ್ತರ. ಆಗಿನ ನಿಯಮದಂತೆ ಮೊದಲ ವರ್ಷದ ವಿದ್ಯಾರ್ಥಿಗಳು ಕಾಲೇಜಿನ ಮುಖ್ಯ ತಂಡದಲ್ಲಿ ಆಡುವಂತಿರಲಿಲ್ಲ. ಆತ ಕಾದು, ಎರಡನೆಯ ವರ್ಷ ಅಂಗಳಕ್ಕಿಳಿದ. 1967ರಲ್ಲಿ, ಅವನು ಇನ್ನೂ ಕಾಲೇಜಿನಲ್ಲಿರುವಾಗಲೇ, ಚೆಂಡನ್ನು ಮೇಲಿನಿಂದ ಬುಟ್ಟಿಗೆ ತುರುಕುವುದನ್ನು ಕಾಲೇಜು ಪಂದ್ಯಗಳಲ್ಲಿ ನಿಷೇಧಿಸಿದರು. ಅವನಿಗೆಂದೇ ಮಾಡಿದ ನಿಯಮ ಎಂದು ಎಲ್ಲರೂ ಆಡಿಕೊಂಡರು. ಆಲ್ಸಿಂಡರ್ ಸುಮ್ಮನೆ ಕೂರಲಿಲ್ಲ. ತೋಳನ್ನು ತಲೆಯ ಮೇಲಿಂದ ಬಿಲ್ಲಿನಂತೆ ಬಾಗಿಸಿ, ಯಾರ ಕೈಗೂ ಎಟುಕದಂತೆ ಚೆಂಡನ್ನು ತೇಲಿಬಿಡುವ ಹೊಡೆತವನ್ನು ದಿನದಿನವೂ ತಿದ್ದಿ ತೀಡಿದ. ಮೂರು ವರ್ಷ ಆಡಿ ಮೂರು ಪ್ರಶಸ್ತಿ ಗೆದ್ದು, ಪದವಿ ಪಡೆದು, 1969ರ ಡ್ರಾಫ್ಟ್‌ನಲ್ಲಿ ಮೊದಲಿಗನಾಗಿ ಆಯ್ಕೆಯಾದ. ಮುಂದೆ ಕರೀಮ್ ಅಬ್ದುಲ್ ಜಬ್ಬಾರ್ ಎಂದು ಹೆಸರು ಬದಲಿಸಿಕೊಂಡು ಆತ ಗಳಿಸಿದ 38,387 ಅಂಕಗಳ ದಾಖಲೆಯನ್ನು ಮುರಿಯಲು 2023ರವರೆಗೆ ಯಾರಿಂದಲೂ ಆಗಲಿಲ್ಲ. ಆ ಅಂಕಗಳಲ್ಲಿ ಬಹುಪಾಲು ತಂದುಕೊಟ್ಟದ್ದು ಕಾಲೇಜಿನಲ್ಲಿ ಪಳಗಿಸಿದ ಅದೇ ಹೊಡೆತ.

ಇದು ಕಥೆಯ ಹೊಳೆಯುವ ಮುಖ. ಇನ್ನೊಂದು ಮುಖವೂ ಇದೆ. ಅದು ಗಣಿ ಊರಿನವರಿಗೆ ಬೇಗ ಅರ್ಥವಾಗುತ್ತದೆ. ‘ಪರಿಹಾರ’ ಎಂಬ ಮಾತಿನ ತೂಕ ನಿಮ್ಮ ತಾತಂದಿರಿಗೆ ಗೊತ್ತಿತ್ತು. ನೆಲದಡಿಯಲ್ಲಿ ಬಂಡೆ ಸಿಡಿದಾಗ, ಕಲ್ಲಿನ ಧೂಳು ಕುಡಿದು ಶ್ವಾಸಕೋಶ ಕೆಟ್ಟಾಗ, ಮನೆಯವರು ಕೇಳುತ್ತಿದ್ದದ್ದು ಅದನ್ನೇ. 1955ರಲ್ಲಿ ಕೊಲೊರಾಡೊ ರಾಜ್ಯದ ಒಂದು ಸಣ್ಣ ಕಾಲೇಜಿನಲ್ಲಿ ರೇ ಡೆನ್ನಿಸನ್ ಎಂಬ ಯುವಕ ಅಮೆರಿಕದ ಫುಟ್‌ಬಾಲ್ ಆಡುವಾಗ ತಲೆಗೆ ಪೆಟ್ಟು ಬಿದ್ದು ಸತ್ತ. (ಅದು ನಮ್ಮ ಕಾಲ್ಚೆಂಡಲ್ಲ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ.) ಅವನ ಹೆಂಡತಿ ಕೆಲಸಗಾರರಿಗೆ ಸಿಗುವ ಪರಿಹಾರ ಕೇಳಿದಳು. ಆಟದಿಂದಾಗಿಯೇ ಕಾಲೇಜು ಅವನಿಗೆ ವಿದ್ಯಾರ್ಥಿವೇತನ ಕೊಡುತ್ತಿದ್ದುದರಿಂದ ಆಟವೇ ಅವನ ಕೆಲಸ ಎಂಬುದು ಆಕೆಯ ವಾದ. ಕಾಲೇಜು ಫುಟ್‌ಬಾಲಿನ ವ್ಯಾಪಾರ ನಡೆಸುತ್ತಿಲ್ಲ ಎಂದು ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯ 1957ರಲ್ಲಿ ಅರ್ಜಿಯನ್ನು ತಳ್ಳಿಹಾಕಿತು. ಅದೇ ಕಾಲದಲ್ಲಿ ಕಾಲೇಜು ಕ್ರೀಡೆಗಳನ್ನು ಆಳುವ ಎನ್‌ಸಿಎಎ ಸಂಸ್ಥೆ ‘ವಿದ್ಯಾರ್ಥಿ ಕ್ರೀಡಾಪಟು’ ಎಂಬ ಪದವನ್ನು ಎಲ್ಲೆಡೆ ಬಳಕೆಗೆ ತಂದಿತು. ಕೇಳಲು ಗೌರವದ ಮಾತು. ಆಟಗಾರ ವಿದ್ಯಾರ್ಥಿಯೇ ಹೊರತು ಕೆಲಸಗಾರನಲ್ಲ ಎಂದು ಹೇಳುವುದು ಅದರ ಉಪಯೋಗ. ಸಂಸ್ಥೆಯ ಮುಖ್ಯಸ್ಥರಾಗಿದ್ದ ವಾಲ್ಟರ್ ಬೈಯರ್ಸ್ ಅವರೇ ಮುಂದೆ ಇದನ್ನು ಒಪ್ಪಿಕೊಂಡರು.

ಹೀಗೆ ಹುಡುಗ ಆಡುತ್ತಾನೆ, ಕಾಲೇಜಿನ ಬೊಕ್ಕಸ ತುಂಬುತ್ತದೆ, ಅವನಿಗೆ ಸಿಗುವುದು ಶುಲ್ಕ, ಊಟ, ವಸತಿ. ಅದಕ್ಕೂ ಮಿಗಿಲಾಗಿ, ಶಾಲೆ ಮುಗಿದು ನಾಲ್ಕು ವರ್ಷ ಕಳೆಯುವವರೆಗೆ ಅವನು ವೃತ್ತಿಪರ ಆಟಕ್ಕೆ ಹೋಗುವಂತಿಲ್ಲ. ಇದನ್ನು ಪ್ರಶ್ನಿಸಿದವನು ಸ್ಪೆನ್ಸರ್ ಹೇವುಡ್. ಮಿಸಿಸಿಪಿಯಲ್ಲಿ ಹತ್ತಿ ಬಿಡಿಸುವ ಕೂಲಿಯ ಮನೆಯ ಹುಡುಗ. ಮನೆಯವರ ಹೊಟ್ಟೆ ತುಂಬಬೇಕಾದಾಗ ನಾಲ್ಕು ವರ್ಷ ಕಾಯುವುದು ಹೇಗೆ ಎಂಬುದು ಅವನ ಸಂಕಟ. 1971ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಅವನ ಪರ ನಿಂತಿತು. ಅಲ್ಲಿಂದ ಬಾಗಿಲು ನಿಧಾನಕ್ಕೆ ತೆರೆಯಿತು. 1995ರಲ್ಲಿ ಕೆವಿನ್ ಗಾರ್ನೆಟ್, 1996ರಲ್ಲಿ ಕೋಬಿ ಬ್ರಯಂಟ್, 2003ರಲ್ಲಿ ಲೆಬ್ರಾನ್ ಜೇಮ್ಸ್ ಕಾಲೇಜಿನ ಮೆಟ್ಟಿಲು ಹತ್ತದೆ ಶಾಲೆಯಿಂದ ನೇರವಾಗಿ ವೃತ್ತಿಗೆ ಹೋದರು. ಇವರ ಹೆಸರು ನಿಮಗೆ ಗೊತ್ತು. ಇವರನ್ನು ಕಂಡು ಹಾಗೇ ಜಿಗಿದು ಬಿದ್ದವರ ಹೆಸರು ಗೊತ್ತಿಲ್ಲ.

2005ರ ಒಪ್ಪಂದದಲ್ಲಿ ಬಾಗಿಲನ್ನು ಮತ್ತೆ ಅರ್ಧ ಮುಚ್ಚಿದರು. ಡ್ರಾಫ್ಟ್‌ಗೆ ಬರುವವನಿಗೆ 19 ವರ್ಷ ತುಂಬುತ್ತಿರಬೇಕು, ಅಮೆರಿಕದವನಾದರೆ ಶಾಲೆ ಮುಗಿಸಿ ಒಂದು ವರ್ಷವಾದರೂ ಆಗಿರಬೇಕು. ಆ ಒಂದು ವರ್ಷ ಎಲ್ಲಿ ಕಳೆಯುವುದು? ಕಾಲೇಜಿನಲ್ಲಿ! ಒಂದೇ ವರ್ಷ ಓದಿ ಹೊರಡುವವರ ಕಾಲ ಹೀಗೆ ಬಂತು. ಕೆಂಟಕಿ ವಿಶ್ವವಿದ್ಯಾಲಯದ ತರಬೇತುದಾರ ಜಾನ್ ಕ್ಯಾಲಿಪಾರಿ ಇದನ್ನೇ ಪದ್ಧತಿ ಮಾಡಿಕೊಂಡರು. 2012ರಲ್ಲಿ ಅವರ ತಂಡ ರಾಷ್ಟ್ರೀಯ ಪ್ರಶಸ್ತಿ ಗೆದ್ದಿತು. ಅದೇ ವರ್ಷದ ಡ್ರಾಫ್ಟ್‌ನಲ್ಲಿ ಮೊದಲ ಎರಡು ಹೆಸರುಗಳೂ ಕೆಂಟಕಿಯವೇ, ಒಟ್ಟು ಆರು ಮಂದಿ ಆಯ್ಕೆ. ಇಂಥ ಕಾಲೇಜುಗಳ ತಯಾರಿ ವುಡನ್ ಕಾಲದ್ದಲ್ಲ. ಹದಿನೈದು ಹದಿನಾರು ವರ್ಷದ ಹುಡುಗನನ್ನು ಬೇಸಿಗೆ ಪಂದ್ಯಗಳಲ್ಲೇ ನೋಡಿ ಗುರುತಿಸುತ್ತಾರೆ. ಕಾಲೇಜಿಗೆ ಬಂದ ಮೇಲೆ ಅವನ ಊಟ, ನಿದ್ದೆ, ಭಾರ ಎತ್ತುವ ಕಸರತ್ತು ಎಲ್ಲದಕ್ಕೂ ಒಬ್ಬೊಬ್ಬ ತಜ್ಞ. ಆಡಿದ ಪ್ರತಿ ಪಂದ್ಯದ ಚಿತ್ರವನ್ನು ನಿಲ್ಲಿಸಿ ನಿಲ್ಲಿಸಿ ತೋರಿಸಿ ತಪ್ಪು ತಿದ್ದುತ್ತಾರೆ. ನವೆಂಬರಿನಿಂದ ಮಾರ್ಚಿವರೆಗೆ ಮೂವತ್ತಕ್ಕೂ ಹೆಚ್ಚು ಪಂದ್ಯ. ಕೊನೆಗೆ 68 ತಂಡಗಳ ರಾಷ್ಟ್ರೀಯ ಪಂದ್ಯಾವಳಿ. ಆಮೇಲೆ ಶಿಕಾಗೊದಲ್ಲಿ ವೃತ್ತಿಪರ ತಂಡಗಳ ಮುಂದೆ ಎತ್ತರ, ತೋಳಿನ ಅಗಲ, ಜಿಗಿತ, ಓಟದ ಅಳತೆ. ಸಂತೆಯಲ್ಲಿ ಹೋರಿಯ ಹಲ್ಲು ಹಿಡಿದು ನೋಡಿದಂತೆ ಎನ್ನಿಸಿದರೆ ತಪ್ಪಲ್ಲ. ಇವೆಲ್ಲದರ ನಡುವೆ ಪಾಠಕ್ಕೆ ಎಷ್ಟು ಹೊತ್ತು ಸಿಗುತ್ತದೆ ಎಂಬುದನ್ನು ನೀವೇ ಲೆಕ್ಕಹಾಕಿ.

ಆದರೂ ಪದವಿಯನ್ನು ಬಿಡದವರು ಇದ್ದರು. ವಿನ್ಸ್ ಕಾರ್ಟರ್ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ ಮೂರು ವರ್ಷ ಓದಿ 1998ರಲ್ಲಿ ವೃತ್ತಿಗೆ ಹೋದ. ಬಿಡುವಿನಲ್ಲಿ ಉಳಿದ ಪಾಠ ಮುಗಿಸಿದ. 2001ರ ಮೇ 20ರ ಬೆಳಿಗ್ಗೆ ಅವನ ಪದವಿ ಪ್ರದಾನ, ಅದೇ ದಿನ ಫಿಲಡೆಲ್ಫಿಯಾದಲ್ಲಿ ಅವನ ತಂಡದ ನಿರ್ಣಾಯಕ ಪಂದ್ಯ. ಪದವಿ ಪ್ರದಾನಕ್ಕೆ ಹೋಗಿ, ವಿಮಾನ ಹತ್ತಿ ಬಂದು ಆಡಿದ. ಕೊನೆಯ ಕ್ಷಣದಲ್ಲಿ ಅವನು ಎಸೆದ ಚೆಂಡು ಬುಟ್ಟಿಗೆ ಬೀಳಲಿಲ್ಲ. ತಂಡ ಒಂದೇ ಅಂಕದಿಂದ ಸೋತಿತು. ಪದವಿಯ ನಿಲುವಂಗಿ ತೊಡಲು ಹೋದದ್ದೇ ಸೋಲಿಗೆ ಕಾರಣ ಎಂದು ಎಷ್ಟೋ ಮಂದಿ ಬೈದರು. ನನಗಂತೂ ಆ ಬೈಗುಳದಲ್ಲೇ ಇಡೀ ವ್ಯವಸ್ಥೆಯ ಒಳಗುಟ್ಟು ಕಾಣುತ್ತದೆ.

ಹಣದ ವಿಷಯದಲ್ಲಿ ಮಾತ್ರ ಈಚೆಗೆ ಬಹಳ ಬದಲಾಗಿದೆ. 2021ರಿಂದ ಕಾಲೇಜು ಆಟಗಾರರು ತಮ್ಮ ಹೆಸರು, ಚಿತ್ರಗಳನ್ನು ಜಾಹೀರಾತಿಗೆ ಕೊಟ್ಟು ಸಂಪಾದಿಸಬಹುದು. 2025ರ ಜೂನ್ ತಿಂಗಳಲ್ಲಿ ನ್ಯಾಯಾಲಯ ಒಪ್ಪಿದ ಒಂದು ರಾಜಿಯ ಪ್ರಕಾರ ಕಾಲೇಜುಗಳೇ ಆಟಗಾರರಿಗೆ ನೇರವಾಗಿ ಹಣ ಕೊಡಬಹುದು. ಮೊದಲ ವರ್ಷಕ್ಕೆ ಒಂದು ಕಾಲೇಜಿನ ಮಿತಿ ಸುಮಾರು 2 ಕೋಟಿ 5 ಲಕ್ಷ ಡಾಲರ್. ಎಪ್ಪತ್ತು ವರ್ಷ ‘ನೀನು ವಿದ್ಯಾರ್ಥಿ’ ಎಂದು ಹೇಳಿಸಿಕೊಂಡ ಹುಡುಗನ ಕೈಗೆ ಕೊನೆಗೂ ಸಂಬಳದಂಥದ್ದು ಬಂತು.

ಈಗ ನಮ್ಮ ಕಡೆಗೆ ಬರೋಣ. ಕರ್ನಾಟಕದಲ್ಲಿ ಆಟದಿಂದ ಅನ್ನ ಹುಡುಕಿದವರು ಹಿಂದೆ ಹಿಡಿದ ದಾರಿ ಕಲ್ಕತ್ತೆಯದು, ಆಟ ಫುಟ್‌ಬಾಲ್. 1937ರಲ್ಲಿ ಬ್ರಿಟಿಷ್ ಸೈನ್ಯದ ತಂಡಗಳ ಸ್ವತ್ತಿನಂತಿದ್ದ ರೋವರ್ಸ್ ಕಪ್ಪನ್ನು ಗೆದ್ದ ಮೊದಲ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್. ಮರುವರ್ಷವೂ ಗೆದ್ದರು. ಕಲ್ಕತ್ತೆಯ ದೊಡ್ಡ ಕ್ಲಬ್ಬುಗಳ ಕಣ್ಣು ಬೆಂಗಳೂರಿನ ದಂಡು ಪ್ರದೇಶದ ಮೈದಾನಗಳ ಮೇಲೆ ಬಿತ್ತು. ಬರಿಗಾಲಲ್ಲಿ ಚೆಂಡನ್ನು ಹಾವಿನಂತೆ ಆಡಿಸುತ್ತಿದ್ದ ಅಹ್ಮದ್ ಖಾನ್ ಈಸ್ಟ್ ಬೆಂಗಾಲ್ ಸೇರಿ, ಅಲ್ಲಿನ ಜನ ‘ಪಂಚಪಾಂಡವರು’ ಎಂದು ಕರೆದ ಐವರಲ್ಲಿ ಒಬ್ಬರಾದರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಹೊಡೆದ ಸಾರಂಗಪಾಣಿ ರಾಮನ್ ಕೂಡ ಮೈಸೂರು ಸಂಸ್ಥಾನದ ಆಟಗಾರ. ಮುಂದೆ ಅರುಮೈನಾಯಗಂ ಬೆಂಗಳೂರಿನಿಂದ ಮೋಹನ್ ಬಾಗಾನ್‌ಗೆ ಹೋದರು, 1962ರಲ್ಲಿ ಏಷ್ಯನ್ ಕ್ರೀಡಾಕೂಟದ ಚಿನ್ನ ಗೆದ್ದ ತಂಡದಲ್ಲಿದ್ದರು. ಇಲ್ಲಿ ಡ್ರಾಫ್ಟ್ ಇರಲಿಲ್ಲ, ಕಾಲೇಜಿನ ಪಾತ್ರವೂ ಇರಲಿಲ್ಲ. ಕ್ಲಬ್ಬಿನವರು ಬಂದು ನೋಡುತ್ತಿದ್ದರು, ಕರೆಯುತ್ತಿದ್ದರು.

ಊರು ಬಿಡಲಾರದವರಿಗೆ ಇನ್ನೊಂದು ದಾರಿ ಇತ್ತು. ಕಾರ್ಖಾನೆ, ಬ್ಯಾಂಕು, ರೈಲ್ವೆ, ಸೈನ್ಯ. ಬೆಂಗಳೂರಿನ ಐಟಿಐ, ಎಚ್‌ಎಎಲ್ ಕಾರ್ಖಾನೆಗಳ ಫುಟ್‌ಬಾಲ್ ತಂಡಗಳು, ವಿಜಯಾ ಬ್ಯಾಂಕಿನ ಬ್ಯಾಸ್ಕೆಟ್‌ಬಾಲ್ ತಂಡ, ಸೈನ್ಯದ ಎಂಇಜಿ ತಂಡ – ಇವೆಲ್ಲ ಆಟಗಾರನಿಗೆ ಮೊದಲು ಕೆಲಸ ಕೊಟ್ಟು ಆಮೇಲೆ ಆಡಿಸಿದವು. ಅಮೆರಿಕದ ಹುಡುಗ ಓದಿನ ಹೆಸರಿನಲ್ಲಿ ಆಡಿದ, ನಮ್ಮವನು ನೌಕರಿಯ ಹೆಸರಿನಲ್ಲಿ ಆಡಿದ. ನಮ್ಮವನಿಗೆ ಕೋಟಿ ಸಿಗಲಿಲ್ಲ, ನಿಜ. ಮೊಣಕಾಲು ಕೈಕೊಟ್ಟ ಮೇಲೂ ತಿಂಗಳ ಒಂದನೆಯ ತಾರೀಖು ಸಂಬಳ, ವಯಸ್ಸಾದ ಮೇಲೆ ಪಿಂಚಣಿ ಮಾತ್ರ ಇತ್ತು.

ಅಮೆರಿಕದ ಕಾಲೇಜು ಪದ್ಧತಿಗೆ ಹತ್ತಿರದ್ದು ನಮ್ಮಲ್ಲಿ ಇಲ್ಲವೇ ಇಲ್ಲ ಎನ್ನುವಂತಿಲ್ಲ. ಮೂಡುಬಿದಿರೆಯ ಆಳ್ವಾಸ್ ಸಂಸ್ಥೆ ಕ್ರೀಡಾ ದತ್ತು ಯೋಜನೆಯಲ್ಲಿ ಹಳ್ಳಿಗಳಿಂದಲೂ ಹೊರರಾಜ್ಯಗಳಿಂದಲೂ ಮಕ್ಕಳನ್ನು ತಂದು ಊಟ, ವಸತಿ, ಓದು ಉಚಿತವಾಗಿ ಕೊಡುತ್ತದೆ. ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಅಥ್ಲೆಟಿಕ್ಸ್‌ನಲ್ಲಿ ಮಂಗಳೂರು ವಿಶ್ವವಿದ್ಯಾಲಯ ಮತ್ತೆ ಮತ್ತೆ ಗೆದ್ದದ್ದು ಬಹುಮಟ್ಟಿಗೆ ಈ ಮಕ್ಕಳಿಂದ. ಆದರೆ ಅವರ ಮುಂದೆ ಡ್ರಾಫ್ಟ್ ಇಲ್ಲ, ಇರುವುದು ರೈಲ್ವೆ, ಪೊಲೀಸು, ಸೈನ್ಯದ ಕ್ರೀಡಾ ಕೋಟಾ. ಅಮೆರಿಕದ ಮೆಟ್ಟಿಲನ್ನೇ ಹತ್ತಿದ ನಮ್ಮ ಹುಡುಗಿ ಬೆಂಗಳೂರಿನ ಸಂಜನಾ ರಮೇಶ್. 2019ರಲ್ಲಿ ವಿದ್ಯಾರ್ಥಿವೇತನದ ಮೇಲೆ ನಾರ್ದರ್ನ್ ಅರಿಜೋನಾ ವಿಶ್ವವಿದ್ಯಾಲಯ ಸೇರಿ, ಅಲ್ಲಿನ ಮೊದಲ ದರ್ಜೆಯ ಕಾಲೇಜು ಬ್ಯಾಸ್ಕೆಟ್‌ಬಾಲ್ ಆಡಿದಳು. ಪಂಜಾಬಿನ ಸತ್ನಾಮ್ ಸಿಂಗ್ ಕಾಲೇಜನ್ನು ಬಿಟ್ಟು ಹೋದವನು. ಲುಧಿಯಾನದ ಅಕಾಡೆಮಿಯಿಂದ 2010ರಲ್ಲಿ ಫ್ಲಾರಿಡಾದ ತರಬೇತಿ ಶಾಲೆಗೆ ಹೋಗಿ, 2015ರ ಡ್ರಾಫ್ಟ್‌ನಲ್ಲಿ 52ನೆಯವನಾಗಿ ಡಲ್ಲಾಸ್ ತಂಡಕ್ಕೆ ಆಯ್ಕೆಯಾದ ಮೊದಲ ಭಾರತೀಯ. ದೇಶವೇ ಸಂಭ್ರಮಿಸಿತು. ಎನ್‌ಬಿಎಯ ಒಂದು ಪಂದ್ಯವನ್ನೂ ಅವನು ಆಡಲಿಲ್ಲ. ಈಗ ಅಮೆರಿಕದಲ್ಲಿ ವೃತ್ತಿ ಕುಸ್ತಿಯ ಅಖಾಡದಲ್ಲಿ ಇದ್ದಾನೆ. ಹೆಸರು ಕೂಗಿದ ದಿನವೇ ಗುರಿ ಮುಟ್ಟಿದ ದಿನವಲ್ಲ ಎಂಬುದಕ್ಕೆ ಅವನಿಗಿಂತ ಹತ್ತಿರದ ಉದಾಹರಣೆ ನಮಗಿಲ್ಲ.

ಡ್ರಾಫ್ಟ್ ಎಂಬುದು ಭಾರತಕ್ಕೂ ಬಂತು. 2014ರ ಜುಲೈನಲ್ಲಿ ಮುಂಬೈಯಲ್ಲಿ ಇಂಡಿಯನ್ ಸೂಪರ್ ಲೀಗ್ ಫುಟ್‌ಬಾಲಿನ ತಂಡಗಳು 84 ಆಟಗಾರರನ್ನು ಸರದಿಯ ಮೇಲೆ ಆರಿಸಿಕೊಂಡವು. ಆ ಹೊತ್ತಿಗೆ ನಮ್ಮ ಹಳೆಯ ಮೆಟ್ಟಿಲುಗಳು ಕಳಚುತ್ತಿದ್ದವು. 1996ರಲ್ಲಿ ಆರಂಭವಾದ ರಾಷ್ಟ್ರೀಯ ಲೀಗಿನಲ್ಲಿ ಆಡಿದ್ದ ಐಟಿಐ ಮರೆಯಾಗಿತ್ತು. ಎಚ್‌ಎಎಲ್ 2012ರಲ್ಲಿ ಕೆಳದರ್ಜೆಗೆ ಇಳಿದಿತ್ತು. ಹೊಸ ಲೀಗಿನಲ್ಲಿ ಹಣ ಹೆಚ್ಚು, ಕರಾರು ಒಂದೆರಡು ವರ್ಷದ್ದು. ಕರಾರು ಮುಗಿದ ಮೇಲೆ ಹಾಜರಿ ಪುಸ್ತಕ ಇಲ್ಲ.

ಹಾಜರಿ ಪುಸ್ತಕವೂ ಶಾಶ್ವತವೇನಲ್ಲ ಎಂಬುದನ್ನು ಚಾಂಪಿಯನ್ ರೀಫ್ಸ್‌ನವರಿಗೆ ಹೇಳಿಕೊಡಬೇಕಾಗಿಲ್ಲ. 1880ರಿಂದ ಜಾನ್ ಟೇಲರ್ ಕಂಪನಿ, 1956ರಿಂದ ಸರ್ಕಾರ ನಡೆಸಿದ ಗಣಿಗೆ 2001ರ ಫೆಬ್ರವರಿ 28ರಂದು ಬೀಗ ಬಿತ್ತು. ಸಾವಿರಾರು ಕುಟುಂಬಗಳ ಸಂಬಳ ಒಂದೇ ದಿನಕ್ಕೆ ನಿಂತಿತು, ಮಕ್ಕಳು ನಸುಕಿನ ರೈಲಿನಲ್ಲಿ ಬೆಂಗಳೂರಿಗೆ ದುಡಿಯಲು ಹೊರಟರು. ವಿಜಯಾ ಬ್ಯಾಂಕಿನ ಕಥೆ ಬೇರೆ ಬಗೆಯದು. 2019ರ ಏಪ್ರಿಲ್ 1ರಂದು ಅದು ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾದಾಗ ಎಲ್ಲ ನೌಕರರೂ ಹೊಸ ಬ್ಯಾಂಕಿನವರಾದರು. ಅಂಗಿಯ ಮೇಲಿನ ಹೆಸರು ಬದಲಾಯಿತು, ಆಟಗಾರರು ಎಂದಿನಂತೆ ಕೌಂಟರಿನಲ್ಲಿ ಕುಳಿತರು, ಸಂಜೆ ಅಭ್ಯಾಸಕ್ಕೆ ಹೋದರು.